ಸೋರಿದ ಟ್ಯೂಬನ್ನು ಗುಜರಿಗೆ ಹಾಕುವ ಮೊದಲು: ಬಾಯ್ಲರ್ ಮತ್ತು ಕುಲುಮೆಯ ಲೋಹ ಕೆಟ್ಟ ಕಾರಣವನ್ನು ಪತ್ತೆ ಮಾಡುವ ಕ್ರಮ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಿಂದ ಹಿಡಿದು ಗೌರಿಬಿದನೂರಿನ ಕಾರ್ಖಾನೆಗಳವರೆಗೆ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಉಗಿಯನ್ನು ನಂಬಿ ನಡೆಯುವ ಕೆಲಸಗಳು ಬಹಳ ಇವೆ. ಬಾಯ್ಲರಿನ ಟ್ಯೂಬ್ ಸೋರಿದ ದಿನ ಎಲ್ಲರ ಗಮನವೂ ಮತ್ತೆ ಉಗಿ ಎಬ್ಬಿಸುವುದರ ಮೇಲೆಯೇ ಇರುತ್ತದೆ. ಫಿಟ್ಟರ್ ಬಂದು ಗ್ಯಾಸ್ ಕಟಿಂಗ್‌ನಿಂದ ಹಳೆಯ ಟ್ಯೂಬನ್ನು ತೆಗೆಯುತ್ತಾರೆ, ಹೊಸದನ್ನು ಕೂರಿಸುತ್ತಾರೆ, ಹಳೆಯದು ಗುಜರಿಗೆ ಹೋಗುತ್ತದೆ. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಹೊಸ ಟ್ಯೂಬೂ ಸೋರಿದಾಗ, ಟ್ಯೂಬಿನ ಗುಣಮಟ್ಟವೇ ಸರಿಯಿಲ್ಲ ಎಂಬ ಮಾತು ಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ನೀರಿನಲ್ಲಿ, ಉರಿಯಲ್ಲಿ ಅಥವಾ ನಡೆಸುವ ರೀತಿಯಲ್ಲಿ. ಅದರ ಗುರುತು ಇದ್ದದ್ದು ಗುಜರಿಗೆ ಹೋದ ಆ ತುಂಡಿನಲ್ಲಿ. ಆ ಗುರುತನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನೀರೂ ಉರುವಲೂ ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ ಕೋಲಾರ, ತುಮಕೂರು ಜಿಲ್ಲೆಗಳವರಿಗೂ ಇದು ಅನ್ವಯಿಸುತ್ತದೆ.

ನಿಲ್ಲಿಸುವುದು ಮತ್ತು ಬಿಚ್ಚುವುದು

ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕಾಣದಿರುವಾಗ ಸೋರಿಕೆಯ ಸದ್ದು ಕೇಳಿದರೆ, ಮೊದಲು ಮಾಡಬೇಕಾದದ್ದು ಉರಿಯನ್ನು ನಿಲ್ಲಿಸುವುದು. ಯಾವ ಕಾರಣಕ್ಕೂ ಮಾಡಬಾರದದ್ದು ಪಂಪ್ ಚಾಲೂ ಮಾಡಿ ನೀರು ತುಂಬುವುದು. ನೀರಿಲ್ಲದೆ ಕೆಂಪಗೆ ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಕ್ಷಣದಲ್ಲಿ ಉಗಿಯ ಒತ್ತಡ ಏರುವುದಲ್ಲದೆ, ಲೋಹ ಒಮ್ಮೆಲೇ ಕುಗ್ಗಿ ಸೀಳುತ್ತದೆ. ಜೀವಹಾನಿ ಆಗುವುದು ಇಂಥ ಗಳಿಗೆಯಲ್ಲೇ. ಬಾಯ್ಲರ್ ತಾನಾಗಿ ತಣ್ಣಗಾಗಲಿ, ಒತ್ತಡ ಸೊನ್ನೆಗೆ ಇಳಿಯಲಿ, ಉಗಿಯ ವಾಲ್ವಿಗೆ ಬೀಗ ಬೀಳಲಿ. ಆ ಮೇಲೆ ಬಾಗಿಲು ತೆರೆಯಿರಿ. ಒಳಗೆ ಇಳಿಯುವುದಿದ್ದರೆ ಗಾಳಿಯಾಡಲು ಬಿಟ್ಟು, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ಬಿಚ್ಚುವ ಮೊದಲು, ತೊಳೆಯುವ ಮೊದಲು, ಫೋಟೋ ತೆಗೆಯಿರಿ. ಟ್ಯೂಬಿನ ಮೇಲೆ ಬಣ್ಣದಿಂದ ಮೂರು ಗುರುತುಗಳನ್ನು ಹಾಕಿ: ಮೇಲ್ಮುಖ ಯಾವುದು, ಉರಿಯ ಕಡೆ ಯಾವುದು, ಎಷ್ಟನೆಯ ಸಾಲಿನ ಎಷ್ಟನೆಯ ಟ್ಯೂಬ್. ಈ ಗುರುತು ಇಲ್ಲದ ತುಂಡು ಎಷ್ಟು ಚೆನ್ನಾಗಿ ಉಳಿದಿದ್ದರೂ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಕೆಟ್ಟ ಜಾಗದಿಂದ ಎರಡೂ ಬದಿಗೆ ಒಂದು ಗೇಣಿಗೂ ಹೆಚ್ಚು ದೂರ ಬಿಟ್ಟು, ಹ್ಯಾಕ್ಸಾದಿಂದ, ಎಣ್ಣೆ ನೀರು ಯಾವುದನ್ನೂ ಹಾಕದೆ ಕತ್ತರಿಸಬೇಕು. ಗ್ಯಾಸಿನ ಜ್ವಾಲೆ ತಗುಲಿದರೆ ಲೋಹದ ಒಳರಚನೆ ಬದಲಾಗುತ್ತದೆ, ಒಳಗಿನ ಪದರ ಉದುರುತ್ತದೆ, ಬಿಸಿಯಿಂದ ಬಂದ ಮೂಲ ಬಣ್ಣ ಯಾವುದು, ಕಟಿಂಗ್‌ನಿಂದ ಬಂದದ್ದು ಯಾವುದು ಎಂದು ಹೇಳಲಾಗದು. ಕೆಟ್ಟ ತುಂಡಿನ ಜೊತೆಗೆ ಪಕ್ಕದಲ್ಲೇ ಇದ್ದ, ಇನ್ನೂ ಕೆಡದ ಒಂದು ತುಂಡನ್ನೂ ತೆಗೆದಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಯಾವ ಬದಿ ಕೆಟ್ಟಿದೆ

ಮೊದಲ ಪ್ರಶ್ನೆ ಇದು: ಲೋಹ ಸವೆದಿರುವುದು ನೀರಿನ ಬದಿಯಲ್ಲೋ, ಉರಿಯ ಬದಿಯಲ್ಲೋ? ಟ್ಯೂಬಿನೊಳಗೆ ಹೊಗೆ ಹರಿದು ಹೊರಗೆ ನೀರಿರುವ ಬಾಯ್ಲರುಗಳಲ್ಲಿ ಒತ್ತಡ ಹೊರಗಿನಿಂದ ಒಳಕ್ಕೆ ಇರುತ್ತದೆ. ಆದ್ದರಿಂದ ಮಿತಿಮೀರಿ ಕಾದ ಟ್ಯೂಬ್ ಒಳಕ್ಕೆ ಕುಸಿಯುತ್ತದೆ. ಟ್ಯೂಬಿನೊಳಗೆ ನೀರು ಇರುವ ಬಗೆಯಲ್ಲಿ ಅದು ಹೊರಕ್ಕೆ ಉಬ್ಬಿ ಉದ್ದಕ್ಕೆ ಬಾಯ್ದೆರೆಯುತ್ತದೆ. ಸೌದೆ, ಹೊಟ್ಟು ಉರಿಸುವ ಈಗಿನ ಅನೇಕ ಬಾಯ್ಲರುಗಳಲ್ಲಿ ಉರಿಗೂಡಿನ ಸುತ್ತ ನೀರಿನ ಟ್ಯೂಬಿನ ಗೋಡೆ, ಅದರ ಮುಂದೆ ಹೊಗೆ ಟ್ಯೂಬಿನ ಭಾಗ, ಎರಡೂ ಸೇರಿರುತ್ತವೆ. ತುಂಡು ಯಾವ ಭಾಗದ್ದು ಎಂಬುದನ್ನು ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ.

ನೀರಿನ ಟ್ಯೂಬ್ ಸೀಳಿದ್ದರೆ ಸೀಳಿನ ಅಂಚನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಮತ್ತು ಕ್ಯಾಲಿಪರ್‌ನಿಂದ ನೋಡಿ. ಅಂಚು ಚಾಕುವಿನಂತೆ ತೆಳುವಾಗಿ ಎಳೆದುಕೊಂಡಿದ್ದರೆ ಅದು ಕೆಲವೇ ಹೊತ್ತಿನಲ್ಲಿ ಬಹಳ ಕಾದು ಒಡೆದದ್ದು; ನೀರಿನ ಮಟ್ಟ ಇಳಿದಿತ್ತು ಅಥವಾ ಆ ಟ್ಯೂಬಿನಲ್ಲಿ ನೀರಿನ ಹರಿವು ಕಟ್ಟಿತ್ತು ಎಂದರ್ಥ. ಅಂಚು ದಪ್ಪವಾಗಿಯೇ ಉಳಿದು, ಸೀಳಿನ ಪಕ್ಕದಲ್ಲಿ ಉದ್ದಕ್ಕೆ ಸಣ್ಣ ಬಿರುಕುಗಳು ಸಾಲಾಗಿದ್ದು, ಮೇಲೆ ದಪ್ಪ ಕಪ್ಪು ಪದರ ಕಟ್ಟಿದ್ದರೆ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೆಚ್ಚು ಕಾದದ್ದರ ಫಲ. ಮೊದಲನೆಯದಕ್ಕೆ ಫ್ಲೋಟ್ ಸ್ವಿಚ್, ಪಂಪ್, ಗೇಜ್ ಗ್ಲಾಸುಗಳನ್ನು ಪರೀಕ್ಷಿಸಬೇಕು. ಎರಡನೆಯದಕ್ಕೆ ಒಳಗಿನ ಸ್ಕೇಲನ್ನು, ಅಂದರೆ ನೀರಿನ ಲವಣ ಕಟ್ಟಿದ ಗಟ್ಟಿ ಪದರವನ್ನು ನೋಡಬೇಕು.

ಸ್ಕೇಲ್: ನಮ್ಮ ನೀರಿನ ಮುಖ್ಯ ತೊಂದರೆ

ವರ್ಷವಿಡೀ ಹರಿಯುವ ನದಿ ಇಲ್ಲದ ಈ ಸೀಮೆಯಲ್ಲಿ ಕಾರ್ಖಾನೆಗಳಿಗೆ ಬಹುಪಾಲು ಬರುವುದು ಆಳದ ಕೊಳವೆಬಾವಿಯ ಗಡಸು ನೀರು. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ಬಾಯ್ಲರಿನಲ್ಲೂ ಕಟ್ಟುತ್ತದೆ, ಆದರೆ ಅಲ್ಲಿ ಅದರ ಪರಿಣಾಮ ಬೇರೆ. 7 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದಲ್ಲಿ ನಡೆಯುವ ಬಾಯ್ಲರಿನೊಳಗೆ ನೀರು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಟ್ಯೂಬ್ ಶುಚಿಯಾಗಿದ್ದರೆ ಅದರ ಲೋಹ ಅದಕ್ಕಿಂತ ಸ್ವಲ್ಪವೇ ಹೆಚ್ಚು ಬಿಸಿಯಾಗಿರುತ್ತದೆ, ಎದುರಿನ ಜ್ವಾಲೆ ಸಾವಿರ ಡಿಗ್ರಿ ಇದ್ದರೂ ಸರಿಯೇ. ಲೋಹವನ್ನು ಕಾಪಾಡುತ್ತಿರುವುದು ನೀರು. ಸ್ಕೇಲ್ ಆ ನೀರನ್ನು ಲೋಹದಿಂದ ಬೇರ್ಪಡಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಉರಿಗೂಡಿನ ಗೋಡೆಯಲ್ಲಿ ಒಂದು ಚದರ ಮೀಟರಿನ ಮೂಲಕ 1 ಲಕ್ಷ ವ್ಯಾಟ್ ಶಾಖ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. 1 ಮಿಲಿಮೀಟರ್ ದಪ್ಪದ ಸುಣ್ಣದ ಸ್ಕೇಲನ್ನು ದಾಟಲು ಆ ಶಾಖಕ್ಕೆ 50ರಿಂದ 100 ಡಿಗ್ರಿಗಳ ವ್ಯತ್ಯಾಸ ಬೇಕು. ಅದೇ ದಪ್ಪದ ಸಿಲಿಕಾ ಸ್ಕೇಲ್ ಆದರೆ 300 ಡಿಗ್ರಿಯನ್ನೂ ಮೀರಬಹುದು, ಏಕೆಂದರೆ ಅದು ಶಾಖವನ್ನು ಇನ್ನೂ ಕಡಿಮೆ ಹಾಯಿಸುತ್ತದೆ. ಹಾಗಾದಾಗ 180 ಡಿಗ್ರಿಯಲ್ಲಿ ಇರಬೇಕಾದ ಲೋಹ 500 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಸಾಮಾನ್ಯ ಕಾರ್ಬನ್ ಸ್ಟೀಲ್ 400 ಡಿಗ್ರಿ ದಾಟಿದ ಮೇಲೆ ಒತ್ತಡದಡಿ ನಿಧಾನವಾಗಿ ಹಿಗ್ಗತೊಡಗುತ್ತದೆ. 540ರ ಸುಮಾರಿಗೆ ಪದರ ಪದರವಾಗಿ ಸುಟ್ಟು ಉದುರುತ್ತದೆ. ಒತ್ತಡದ ಗೇಜು ಮಾತ್ರ ಎಂದಿನಂತೆ 7 ಕೆಜಿಯನ್ನೇ ತೋರಿಸುತ್ತಿರುತ್ತದೆ. ಇಲ್ಲಿ ಕಣ್ಣಿಡಬೇಕಾದದ್ದು ಚಿಮಣಿಗೆ ಹೋಗುವ ಹೊಗೆಯ ಉಷ್ಣಾಂಶದ ಮೇಲೆ: ಉರುವಲು, ಹೊರೆ ಎರಡೂ ಬದಲಾಗದಿದ್ದರೂ ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ನೀರಿನ ಬದಿಯಲ್ಲಿ ಸ್ಕೇಲೋ, ಉರಿಯ ಬದಿಯಲ್ಲಿ ಮಸಿಯೋ ಕಟ್ಟುತ್ತಿದೆ. ಮಸಿ ಹೊಡೆದ ಮೇಲೂ ಇಳಿಯದಿದ್ದರೆ ಸ್ಕೇಲೇ ಎಂದು ತಿಳಿಯಬಹುದು.

ಸ್ಕೇಲಿನ ಒಂದು ಚೂರನ್ನು ಬಾಯ್ಲರಿನಿಂದ ದೂರ, ತಟ್ಟೆಯೊಂದರಲ್ಲಿ ಇಟ್ಟು, ಕೈಗವಸು ಕನ್ನಡಕ ಹಾಕಿಕೊಂಡು, ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಬುರಬುರನೆ ನೊರೆ ಎದ್ದರೆ ಅದರಲ್ಲಿ ಕಾರ್ಬೊನೇಟ್ ಹೆಚ್ಚಿದೆ. ಏನೂ ಆಗದೆ ಗಾಜಿನಂತೆ ಗಟ್ಟಿಯಾಗಿಯೇ ಉಳಿದರೆ ಸಿಲಿಕಾ ಅಥವಾ ಸಲ್ಫೇಟ್ ಇರಬೇಕು. ಈ ಪರೀಕ್ಷೆಯನ್ನು ನೋಡಿ ಇಡೀ ಬಾಯ್ಲರಿಗೆ ಆಮ್ಲ ಸುರಿಯುವ ಧೈರ್ಯ ಮಾಡಬಾರದು. ತಡೆದ್ರವ್ಯ ಬೆರೆಸದ ಆಮ್ಲ ಸ್ಕೇಲಿನ ಜೊತೆಗೆ ಉಕ್ಕನ್ನೂ ತಿನ್ನುತ್ತದೆ, ಹೊರಬರುವ ಹೈಡ್ರೋಜನ್ ಕಿಡಿ ತಗುಲಿದರೆ ಸಿಡಿಯುತ್ತದೆ. ಆ ಕೆಲಸ ಬಲ್ಲವರಿಂದಲೇ ಆಗಬೇಕು.

ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಇದೆ ಎಂದ ಮಾತ್ರಕ್ಕೆ ನೀರು ಮೃದುವಾಗಿದೆ ಎಂದಲ್ಲ. ಅದರೊಳಗಿನ ರೆಸಿನ್ ಮಣಿಗಳು ದಣಿದ ಮೇಲೆ ಉಪ್ಪಿನ ನೀರಿನಿಂದ ಅವನ್ನು ಚೇತರಿಸದಿದ್ದರೆ ಗಡಸು ನೀರೇ ನೇರವಾಗಿ ಹೋಗುತ್ತದೆ. ಪ್ರತಿ ಪಾಳಿಯಲ್ಲೂ ಗಡಸುತನದ ಕಿಟ್‌ನಿಂದ ಪರೀಕ್ಷಿಸಿ. ಹನಿ ಬಿಟ್ಟಾಗ ನೀಲಿ ಬಂದರೆ ಸರಿ, ದ್ರಾಕ್ಷಾರಸದ ಕೆಂಪು ಬಂದರೆ ಆ ನೀರು ಬಾಯ್ಲರಿಗೆ ಹೋಗಕೂಡದು. ಇಷ್ಟಾದರೂ ಸಾಫ್ಟ್‌ನರ್ ಸುಣ್ಣದ ಲವಣವನ್ನು ಸೋಡಿಯಂ ಲವಣವಾಗಿ ಬದಲಿಸುತ್ತದೆಯೇ ಹೊರತು ಒಟ್ಟು ಲವಣವನ್ನು ಇಳಿಸುವುದಿಲ್ಲ. ಬಾಯ್ಲರಿನೊಳಗೆ ಲವಣ 3500 ಪಿಪಿಎಂ (ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ) ಮೀರದಂತೆ ನೋಡಿಕೊಳ್ಳುವುದು ಸಣ್ಣ ಬಾಯ್ಲರುಗಳ ಸಾಮಾನ್ಯ ಮಿತಿ. ಒಳಗೆ ಹೋಗುವ ನೀರಿನಲ್ಲಿ 500 ಪಿಪಿಎಂ ಇದ್ದರೆ, 1000 ಲೀಟರ್ ನೀರು ಉಗಿಯಾಗುವಷ್ಟರಲ್ಲಿ ಸುಮಾರು 170 ಲೀಟರ್ ಬ್ಲೋಡೌನ್ ಮಾಡಬೇಕಾಗುತ್ತದೆ, ಅಂದರೆ ಬಾಯ್ಲರಿನ ಲವಣದ ನೀರನ್ನು ಹೊರಬಿಡಬೇಕಾಗುತ್ತದೆ. 1000 ಪಿಪಿಎಂ ಇದ್ದರೆ ಅದು 400 ಲೀಟರ್. ಕಾಯಿಸಿದ ನೀರನ್ನು ಈ ಪ್ರಮಾಣದಲ್ಲಿ ಚರಂಡಿಗೆ ಬಿಡುವ ಬದಲು ಆರ್‌ಒ ಘಟಕ ಹಾಕಿಸುವುದೇ ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ, ಅದರಲ್ಲೂ ಉಗಿಯನ್ನು ನೇರವಾಗಿ ರೇಷ್ಮೆಗೂಡಿನ ಬಟ್ಟಲಿನ ನೀರಿಗೇ ಬಿಟ್ಟು, ಕಂಡೆನ್ಸೇಟ್ (ಉಗಿ ತಣಿದು ಆದ ನೀರು) ಮರಳಿ ಸಿಗದ ಘಟಕಗಳಲ್ಲಿ. ಆದರೆ ಆರ್‌ಒ ನೀರು ಸ್ವಲ್ಪ ಆಮ್ಲದ ಕಡೆಗೆ ಇರುತ್ತದೆ; ಬಾಯ್ಲರಿನೊಳಗಿನ ನೀರಿನ ಪಿಎಚ್ 10.5ಕ್ಕಿಂತ ಮೇಲಿರುವಂತೆ ಕ್ಷಾರ ಸೇರಿಸದೆ ಅದನ್ನು ಬಳಸಿದರೆ ಸ್ಕೇಲಿನ ತೊಂದರೆ ಹೋಗಿ ತುಕ್ಕಿನ ತೊಂದರೆ ಬರುತ್ತದೆ.

ಗುಳಿಗಳು ಮತ್ತು ಕೊರೆತ

ಉಳಿದ ಭಾಗವೆಲ್ಲ ಚೆನ್ನಾಗಿದ್ದು, ನೀರಿನ ಬದಿಯಲ್ಲಿ ಅಲ್ಲಲ್ಲಿ ದುಂಡಗಿನ ಆಳದ ಗುಳಿಗಳಿದ್ದು, ಅವುಗಳ ಮೇಲೆ ಕೆಂಗಂದು ಗಂಟಿನಂಥ ತುಕ್ಕು ಕೂತು, ಅದನ್ನು ಕೆರೆದರೆ ಒಳಗೆ ಕಪ್ಪು ಪುಡಿ ಸಿಕ್ಕರೆ, ಅದು ನೀರಿನಲ್ಲಿ ಕರಗಿದ ಆಮ್ಲಜನಕದ ಕೆಲಸ. ನೀರು ಒಳಬರುವ ಜಾಗದ ಹತ್ತಿರ ಮತ್ತು ಹೊರಹೋಗುವ ಹೊಗೆಯಿಂದ ನೀರು ಕಾಯಿಸುವ ಎಕನಾಮೈಸರಿನಲ್ಲಿ ಇದು ಹೆಚ್ಚು. ತೂಕದಲ್ಲಿ ಲೋಹ ಹೋಗಿರುವುದು ಅತ್ಯಲ್ಪ, ಆದರೂ ಟ್ಯೂಬ್ ತೂತಾಗುತ್ತದೆ. 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 80 ಡಿಗ್ರಿಗೆ ಕಾಯಿಸಿದರೆ 3 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ. ಹಾಗಾಗಿ ಬಾಯ್ಲರಿಗೆ ನೀರು ಕೊಡುವ ಫೀಡ್ ಟ್ಯಾಂಕನ್ನು ಬಿಸಿಯಾಗಿಡುವುದು ಎಲ್ಲಕ್ಕಿಂತ ಅಗ್ಗದ ಮದ್ದು. ಬಿಸಿನೀರಿಗೆ ಪಂಪ್ ಗಾಳಿ ಹಿಡಿದಂತೆ ಒದ್ದಾಡಬಾರದೆಂದರೆ ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಎತ್ತರದಲ್ಲಿ ಕೂರಿಸಬೇಕು. ಉಳಿದ ಆಮ್ಲಜನಕಕ್ಕೆ ಸೋಡಿಯಂ ಸಲ್ಫೈಟ್ ಹಾಕುತ್ತಾರೆ. ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಸುಮಾರು 8 ಮಿಲಿಗ್ರಾಂ ಬೇಕು, ಜೊತೆಗೆ ಸ್ವಲ್ಪ ಉಳಿಕೆಯೂ ಇರಬೇಕು.

ಗುಳಿಯ ಬದಲು ನುಣುಪಾದ ಅಗಲ ತಗ್ಗು, ಅದೂ ಸ್ಕೇಲಿನ ಅಡಿಯಲ್ಲಿ ಅಥವಾ ಉರಿ ಹೆಚ್ಚು ತಾಗುವ ಜಾಗದಲ್ಲಿ ಕಂಡರೆ, ಕ್ಷಾರ ಒಂದೆಡೆ ಗಟ್ಟಿಯಾಗಿ ಲೋಹವನ್ನು ತಿಂದಿದೆ. ಕಂಡೆನ್ಸೇಟ್ ಪೈಪಿನ ತಳದಲ್ಲಿ ಮಾತ್ರ ಕಾಲುವೆಯಂತೆ ಕೊರೆದಿದ್ದರೆ ಕಾರಣ ಬೇರೆ: ಸಾಫ್ಟ್‌ನರಿನಿಂದ ಬಂದ ಸೋಡಿಯಂ ಬೈಕಾರ್ಬೊನೇಟ್ ಬಾಯ್ಲರಿನಲ್ಲಿ ಒಡೆದು ಇಂಗಾಲದ ಡೈಆಕ್ಸೈಡ್ ಆಗಿ ಉಗಿಯೊಡನೆ ಹೋಗುತ್ತದೆ, ಉಗಿ ನೀರಾದಲ್ಲಿ ಅದರಲ್ಲಿ ಕರಗಿ ಆಮ್ಲವಾಗುತ್ತದೆ. ಇದಕ್ಕೆ ಉಗಿಯೊಡನೆ ಹಾರುವ ಅಮೈನ್ ರಾಸಾಯನಿಕಗಳು ಸಿಗುತ್ತವೆ. ತುಮಕೂರಿನ ಕಡೆಯ ಅಕ್ಕಿ ಗಿರಣಿಗಳಂತೆ ಉಗಿ ನೇರವಾಗಿ ಆಹಾರಕ್ಕೆ ತಾಗುವಲ್ಲಿ, ಆಹಾರಕ್ಕೆ ಒಪ್ಪಿಗೆಯಾದದ್ದೇ ಎಂದು ಖಾತ್ರಿಯಾಗದೆ ಯಾವುದನ್ನೂ ಬಳಸಬಾರದು.

ಉರಿಯ ಬದಿ

ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಹೊಗೆ ವೇಗವಾಗಿ ತಿರುಗುವ ಜಾಗಗಳಲ್ಲಿ, ಟ್ಯೂಬಿನ ಬಾಯಿಯಲ್ಲಿ, ಹೊಗೆಯನ್ನು ಚಿಮಣಿಯತ್ತ ಎಳೆಯುವ ಐಡಿ ಫ್ಯಾನಿನ ಅಲಗುಗಳಲ್ಲಿ ಅದು ಉಜ್ಜಿ ಉಜ್ಜಿ ಲೋಹವನ್ನು ಸವೆಸುತ್ತದೆ. ಒಂದೇ ಕಡೆ ಸವೆದು, ಆ ಕಡೆ ಪದರವಿಲ್ಲದೆ ಫಳಫಳ ಹೊಳೆಯುತ್ತಿದ್ದರೆ ಇದೇ ಕಾರಣ. ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಡ್ಯಾಂಪರ್ ಬೇಕಾದ್ದಕ್ಕಿಂತ ಹೆಚ್ಚು ತೆರೆದು ಗಾಳಿ ಎಳೆಯುವುದು ಉರುವಲನ್ನೂ ನುಂಗುತ್ತದೆ, ಟ್ಯೂಬನ್ನೂ ನುಂಗುತ್ತದೆ.

ತೆಂಗಿನ ಸಿಪ್ಪೆಯಂಥ ಉರುವಲುಗಳಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರಿನ್ ಹೆಚ್ಚು. ಪೊಟ್ಯಾಸಿಯಂ ಸಿಲಿಕಾದೊಡನೆ ಸೇರಿದಾಗ 750 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಕಿಟ್ಟವಾಗಿ ಅಂಟುತ್ತದೆ; ಕ್ಲೋರಿನ್ ಉಕ್ಕಿನ ಮೇಲಿನ ರಕ್ಷಣೆಯ ಪದರವನ್ನು ಸಡಿಲಗೊಳಿಸುತ್ತದೆ. ನೀರಿನಿಂದ ತಂಪಾಗಿರುವ ಟ್ಯೂಬುಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. 450 ಡಿಗ್ರಿ ಮೀರಿ ಕಾಯುವ ಗ್ರೇಟ್ ಸರಳು (ಉರುವಲನ್ನು ಹೊರುವ ಸರಳು), ತಡೆಫಲಕ, ಉಗಿಯನ್ನೇ ಇನ್ನಷ್ಟು ಕಾಯಿಸುವ ಸೂಪರ್‌ಹೀಟರುಗಳು ತಾಳಿಕೊಳ್ಳುವುದಿಲ್ಲ. ಎರಕದ ಗ್ರೇಟ್ ಸರಳು ಪದೇಪದೇ ಕಾದರೆ ಉಬ್ಬಿ ಉದ್ದವಾಗಿ, ಬಾಗಿ, ಕೊನೆಗೆ ಉದುರುತ್ತದೆ. ಬೂದಿಯನ್ನು ಪೂರ್ತಿ ಬಳಿದು ಹಾಕದೆ ತೆಳುವಾದ ಒಂದು ಹಾಸನ್ನು ಬಿಡುವುದು, ಕೆಂಡ ಇರುವವರೆಗೂ ಕೆಳಗಿನ ಗಾಳಿಯನ್ನು ಪೂರ್ತಿ ಮುಚ್ಚದಿರುವುದು, ಈ ಎರಡರಿಂದಲೇ ಸರಳಿನ ಆಯಸ್ಸು ಹೆಚ್ಚುತ್ತದೆ.

ಫರ್ನೇಸ್ ಆಯಿಲ್ ಉರಿಸುವಲ್ಲಿ ತೊಂದರೆ ಎರಡು ತುದಿಗಳಲ್ಲೂ ಇದೆ. ಬಿಸಿ ತುದಿಯಲ್ಲಿ ಎಣ್ಣೆಯ ವನೇಡಿಯಂ 690 ಡಿಗ್ರಿಯಲ್ಲಿ, ಸೋಡಿಯಂ ಸೇರಿದ್ದರೆ ಇನ್ನೂ ಕಡಿಮೆಯಲ್ಲಿ, ಕರಗಿ ಲೋಹವನ್ನು ತಿನ್ನುತ್ತದೆ. ತಣ್ಣನೆಯ ತುದಿಯಲ್ಲಿ ಗಂಧಕದ ಹೊಗೆ 120ರಿಂದ 150 ಡಿಗ್ರಿಗಿಂತ ಕೆಳಗಿನ ಲೋಹದ ಮೇಲೆ ಗಂಧಕಾಮ್ಲವಾಗಿ ಬೆವರುತ್ತದೆ. ಆದ್ದರಿಂದ ಚಿಮಣಿಯ ಉಷ್ಣಾಂಶ ಇಳಿದಷ್ಟೂ ಲಾಭ ಎಂಬ ಲೆಕ್ಕಕ್ಕೆ ಇಲ್ಲಿ ಮಿತಿಯಿದೆ.

ಹೊಗೆ ಟ್ಯೂಬಿನ ತುದಿ, ಅಂದರೆ ಟ್ಯೂಬ್ ಪ್ಲೇಟಿಗೆ ಸೇರುವ ಜಾಗ, ಉರಿಯ ಕಡೆಯೇ ಪದೇಪದೇ ಬಿರಿಯುತ್ತಿದ್ದರೆ ಟ್ಯೂಬಿನ ತುದಿಯನ್ನು ಹಿಗ್ಗಿಸುವ ಎಕ್ಸ್‌ಪಾಂಡರ್ ಹಾಕಿ ಬಿಗಿಮಾಡುವುದರಿಂದ ಕೆಲವು ದಿನದ ಉಪಶಮನ ಮಾತ್ರ. ಪ್ಲೇಟಿನ ಹಿಂದೆ ಸ್ಕೇಲ್ ಕೂತಿದೆಯೇ, ತಣ್ಣಗಿನ ಬಾಯ್ಲರನ್ನು ಅವಸರದಲ್ಲಿ ಉಗಿಗೆ ತರುತ್ತಿದ್ದಾರೆಯೇ ಎಂದು ನೋಡಿ. ಎರಡನೆಯದು ನಾನು ಕಂಡಂತೆ ಬಹಳ ಕಡೆ ಇರುವ ಅಭ್ಯಾಸ, ಅದನ್ನು ಬಿಡಿಸುವುದೇ ಕಷ್ಟ.

ಕುಲುಮೆಯೊಳಗಿನ ಸ್ಟೇನ್‌ಲೆಸ್ ಭಾಗಗಳು

ನರಸಾಪುರ, ವೇಮಗಲ್, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹೀಟ್ ಟ್ರೀಟ್‌ಮೆಂಟ್ ಕುಲುಮೆ ಇಟ್ಟುಕೊಂಡವರಿಗೆ ಬುಟ್ಟಿ, ಟ್ರೇ, ಕೊಕ್ಕೆಗಳ ಖರ್ಚು ದೊಡ್ಡದು. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಗಾಳಿಯಲ್ಲಿ ನಿರಂತರವಾಗಿ 925 ಡಿಗ್ರಿಯವರೆಗೆ ತಾಳುತ್ತದೆ, ಆದರೆ ಕಾಯಿಸಿ ತಣಿಸಿ ಮಾಡುವ ಕೆಲಸದಲ್ಲಿ 870ರವರೆಗೆ ಮಾತ್ರ. 310 ದರ್ಜೆಗೆ ಈ ಅಂಕಿಗಳು 1150 ಮತ್ತು 1035. ತಣಿಯುವಾಗ ಲೋಹ ಹೆಚ್ಚು ಕುಗ್ಗಿ, ಮೇಲಿನ ರಕ್ಷಣೆಯ ಪದರ ಅಷ್ಟು ಕುಗ್ಗದೆ ಸಿಡಿದು ಹೋಗುವುದೇ ಇದಕ್ಕೆ ಕಾರಣ. ಖರೀದಿಸುವಾಗ ಮೊದಲ ಅಂಕಿಯನ್ನು ನೋಡಿ ಎರಡನೆಯದನ್ನು ಮರೆಯುವವರೇ ಹೆಚ್ಚು. 304ರ ಬೆಸುಗೆಯ ಪಕ್ಕದಲ್ಲೇ ಗೆರೆ ಎಳೆದಂತೆ ತಿಂದುಹೋಗಿದ್ದರೆ, 425ರಿಂದ 850 ಡಿಗ್ರಿಯ ನಡುವೆ ಉಳಿದದ್ದರಿಂದ ಕ್ರೋಮಿಯಂ ಕಾರ್ಬೈಡ್ ಆಗಿ ಕಣಗಳ ಅಂಚಿಗೆ ಸರಿದಿದೆ. ಟೈಟಾನಿಯಂ ಇರುವ 321 ದರ್ಜೆ ಅಲ್ಲಿ ಮೇಲು.

ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಹೊಸದಾಗಿದ್ದಾಗ ಅಯಸ್ಕಾಂತಕ್ಕೆ ಅಂಟದಿದ್ದ 310ರ ಬುಟ್ಟಿ ಕಾರ್ಬುರೈಸಿಂಗ್ (ಉಕ್ಕಿನ ಮೇಲ್ಮೈಗೆ ಇಂಗಾಲ ಸೇರಿಸುವ) ಕುಲುಮೆಯಲ್ಲಿ ಕೆಲಸ ಮಾಡಿದ ಮೇಲೆ ಅಂಟತೊಡಗಿದರೆ, ಇಂಗಾಲ ಒಳಗಿಳಿದು ಕ್ರೋಮಿಯಂ ಅನ್ನು ಕಟ್ಟಿಹಾಕಿದೆ ಎಂದರ್ಥ. ಆ ಬುಟ್ಟಿ ಇನ್ನು ಪೆಡಸು; ಅದರ ಮೇಲೆ ಭಾರ ತೂಗಿಸಬೇಡಿ, ಬೆಸುಗೆ ಹಾಕಿ ಉಳಿಸಲೂ ಹೋಗಬೇಡಿ. ನಿಕ್ಕಲ್ ಹೆಚ್ಚಿದ್ದಷ್ಟೂ ಉತ್ತಮ ಎಂಬ ನಂಬಿಕೆಯೂ ಎಲ್ಲ ಕಡೆ ಸಲ್ಲದು: ಗಂಧಕವಿದ್ದು ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ ನಿಕ್ಕಲ್ ಮತ್ತು ಗಂಧಕ ಸೇರಿ 650 ಡಿಗ್ರಿಯೊಳಗೇ ಕರಗುವ ವಸ್ತುವಾಗುತ್ತದೆ.

ಕಾರಣ ಸಿಕ್ಕ ಮೇಲೆ

ಅಲ್ಟ್ರಾಸಾನಿಕ್ ಗೇಜಿನಿಂದ ಉಳಿದ ಟ್ಯೂಬುಗಳ ದಪ್ಪವನ್ನು ಅಳೆಸಿ. ಮೇಲಿನ ಪದರವನ್ನು ಉಜ್ಜಿ ತೆಗೆಯದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಬಿಸಿ ಲೋಹದ ಮೇಲೆ ಸಾಮಾನ್ಯ ಪ್ರೋಬ್ ನಡೆಯುವುದಿಲ್ಲ. ಮೂಲ ದಪ್ಪದಿಂದ ಈಗಿನ ದಪ್ಪವನ್ನು ಕಳೆದು, ನಡೆದ ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಸವೆಯುತ್ತಿದೆ ಎಂಬುದು ಸಿಗುತ್ತದೆ. ಬಾಯ್ಲರಿನ ನಕ್ಷೆಯಲ್ಲಿರುವ ಕನಿಷ್ಠ ದಪ್ಪಕ್ಕೆ ಅದು ಯಾವಾಗ ಮುಟ್ಟುತ್ತದೆ ಎಂದು ಆಗ ಲೆಕ್ಕ ಹಾಕಬಹುದು.

25 ಲೀಟರಿಗೂ ಹೆಚ್ಚು ನೀರು ಹಿಡಿಯುವ, 1 ಕೆಜಿಗೂ ಹೆಚ್ಚು ಒತ್ತಡದಲ್ಲಿ ನಡೆಯುವ ಉಗಿ ಬಾಯ್ಲರುಗಳು ಕಾನೂನಿನ ವ್ಯಾಪ್ತಿಗೆ ಬರುತ್ತವೆ. 1923ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಒತ್ತಡ ತಾಳುವ ಭಾಗದ ದುರಸ್ತಿಗೆ ಇಲಾಖೆಯ ಅನುಮತಿ, ಅರ್ಹ ಬೆಸುಗೆಗಾರ, ಪ್ರಮಾಣಪತ್ರವಿರುವ ಟ್ಯೂಬ್, ಆ ಮೇಲೆ ನೀರಿನ ಒತ್ತಡದ ಪರೀಕ್ಷೆ, ಇವು ಬೇಕು. ತೂತಿನ ಮೇಲೆ ತೇಪೆ ಬೆಸೆದು ಅದೇ ದಿನ ಉಗಿ ಎಬ್ಬಿಸುವುದು ಕೆಲಸಗಾರರ ಪ್ರಾಣದ ಜೊತೆ ಆಡುವ ಆಟ. ಅದನ್ನು ಯಾರೇ ಹೇಳಿದರೂ ಮಾಡಬೇಡಿ.

ಹೊಸ ಟ್ಯೂಬ್ ಕೂರಿಸಿದ ಮೇಲೆ ಘಟಕ ಕೆಲವು ವಾರ ನಿಲ್ಲುವುದಿದ್ದರೆ, ಉರಿಯ ಬದಿಯ ಬೂದಿಯನ್ನೆಲ್ಲ ತೆಗೆದುಬಿಡಿ. ಮಳೆಗಾಲದ ತೇವ ಹೀರಿದ ಬೂದಿ, ಓಡುವಾಗ ಆಗದಷ್ಟು ತುಕ್ಕನ್ನು ನಿಂತಾಗ ತರುತ್ತದೆ. ನೀರಿನ ಬದಿಯನ್ನು ಪೂರ್ತಿ ಒಣಗಿಸಿ, ಟ್ರೇಗಳಲ್ಲಿ ಸುಟ್ಟ ಸುಣ್ಣ ಇಟ್ಟು ಮುಚ್ಚಬೇಕು, ಇಲ್ಲವೇ ಕ್ಷಾರ ಮತ್ತು ಸಲ್ಫೈಟ್ ಬೆರೆಸಿದ ನೀರನ್ನು ಗಾಳಿಗೆ ಎಡೆಯಿಲ್ಲದಂತೆ ಅಂಚಿನವರೆಗೆ ತುಂಬಬೇಕು. ಅರ್ಧ ನೀರು, ಅರ್ಧ ಗಾಳಿ ಇರುವಂತೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಕಣ್ಣಿಗೆ ಕಾರಣ ಸ್ಪಷ್ಟವಾಗದಿದ್ದರೆ ತುಂಡನ್ನು ಲೋಹ ಪರೀಕ್ಷೆಯ ಪ್ರಯೋಗಾಲಯಕ್ಕೆ ಕಳುಹಿಸಿ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಬಾಯ್ಲರ್ ಟ್ಯೂಬುಗಳ ಪರೀಕ್ಷೆ ನಡೆಯುತ್ತದೆ. ತುಂಡನ್ನು ತೊಳೆಯದೆ, ಒಣಗಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಉದುರಿದ ಸ್ಕೇಲನ್ನು ಬೇರೆ ಪೊಟ್ಟಣದಲ್ಲಿ ಹಾಕಿ, ಬಾಯ್ಲರಿನ ನೀರು ಮತ್ತು ಫೀಡ್ ನೀರಿನ ಒಂದೊಂದು ಬಾಟಲಿಯನ್ನು ಜೊತೆಗಿಡಿ. ಒತ್ತಡ, ಉರುವಲು, ಟ್ಯೂಬ್ ಕೂರಿಸಿದ ದಿನಾಂಕ, ಕೊನೆಯ ಮೂರು ತಿಂಗಳ ಗಡಸುತನ, ಪಿಎಚ್ ಮತ್ತು ಚಿಮಣಿ ಉಷ್ಣಾಂಶದ ದಾಖಲೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿ. ಆ ದಾಖಲೆ ಇಲ್ಲದಿದ್ದರೆ ಇಂದಿನಿಂದಲೇ ಬಾಯ್ಲರಿನ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟು, ಪ್ರತಿ ಪಾಳಿಯಲ್ಲೂ ಬರೆಯಲು ಅಟೆಂಡೆಂಟರಿಗೆ ತಿಳಿಸಿ.